ಲಾನ್‌ಗೆ ಕಳೆ ಔಷಧಿ ಹೊಡೆಸಿದೆವು, ಸಂಪಿಗೆ ಎಲೆ ಸುರುಟಿದೆ

ಪ್ರಶ್ನೆ (ಮೈಸೂರು): ಸರ್, ಮನೆ ಮುಂದೆ ಸಣ್ಣ ಲಾನ್ ಇದೆ. ಅದರ ನಡುವೆ ಆರು ವರ್ಷದ ಸಂಪಿಗೆ ಮರ. ಲಾನ್ ತುಂಬ ಮುಟ್ಟಿದರೆ ಮುನಿ ಹಬ್ಬಿತ್ತು ಅಂತ ಮಾಲಿ ಏಪ್ರಿಲ್‌ನಲ್ಲಿ 2,4-ಡಿ ಹೊಡೆದರು. ಕಳೆ ಒಣಗಿತು, ಹುಲ್ಲಿಗೆ ಏನೂ ಆಗಲಿಲ್ಲ. ಆದರೆ ಎರಡು ವಾರದಲ್ಲಿ ಸಂಪಿಗೆಯ ಚಿಗುರೆಲ್ಲ ದೊನ್ನೆಯ ಹಾಗೆ ಮಡಚಿಕೊಂಡಿತು, ತೊಟ್ಟು ತಿರುಚಿದೆ. ಮರಕ್ಕೆ ಒಂದು ಹನಿಯೂ ತಾಗಿಲ್ಲ ಅಂತಾರೆ ಮಾಲಿ. ಇದು ರೋಗವಾ? ನಮ್ಮತ್ತೆ ನೆಟ್ಟ ಮರ, ಉಳಿಯುತ್ತಾ?

ಉತ್ತರ (ತೋಟಗಾರಿಕೆ ತಜ್ಞ): ಮೇಡಂ, ಒಮ್ಮೆ ಅಕ್ಕಪಕ್ಕದ ಗಿಡ ನೋಡಿ. ದಾಸವಾಳ, ಗುಲಾಬಿ, ಟೊಮೆಟೊ ಕೂಡ ಅದೇ ಸಮಯಕ್ಕೆ ಹೀಗೇ ಸುರುಟಿದ್ದರೆ ರೋಗವಲ್ಲ, ಔಷಧಿಯೇ. ಒಂದೇ ರೋಗ ನಾಲ್ಕು ಜಾತಿಯ ಗಿಡಕ್ಕೆ ಒಟ್ಟಿಗೆ ಬರುವುದು ಅಪರೂಪ.

2,4-ಡಿ ಅಂದರೆ ಗಿಡದ ಬೆಳವಣಿಗೆ ಹಾರ್ಮೋನಿನ ನಕಲು. ಅಗಲ ಎಲೆಯ ಗಿಡ ಅದನ್ನು ಹೀರಿಕೊಂಡು ಅಡ್ಡಾದಿಡ್ಡಿ ಬೆಳೆದು ಸಾಯುತ್ತದೆ. ಹುಲ್ಲು ತಡೆದುಕೊಳ್ಳುತ್ತದೆ. ಸಂಪಿಗೆಯೂ ಅಗಲ ಎಲೆಯದೇ ಅಲ್ವಾ? ಕಳೆ ಯಾವುದು, ಅತ್ತೆ ನೆಟ್ಟ ಮರ ಯಾವುದು ಅಂತ ಔಷಧಿಗೆ ಗೊತ್ತಾಗುವುದಿಲ್ಲ.

ಮಾಲಿ ಹೇಳಿದ್ದು ನಿಜವೇ ಇರಬಹುದು. ಡಬ್ಬಿಯ ಮೇಲೆ ಏನು ಬರೆದಿದೆ ನೋಡಿ. ನಮ್ಮಲ್ಲಿ ಸೋಡಿಯಂ ಸಾಲ್ಟ್, ಅಮೈನ್ ಸಾಲ್ಟ್, ಈಥೈಲ್ ಎಸ್ಟರ್ ಅಂತ ಮೂರು ಬಗೆ ಸಿಗುತ್ತವೆ. ಎಸ್ಟರ್ ಬಿಸಿಲಿಗೆ ಆವಿಯಾಗುತ್ತದೆ. ಬೆಳಿಗ್ಗೆ ನೆಲಕ್ಕೆ ಹೊಡೆದದ್ದು ಮಧ್ಯಾಹ್ನ ಮೇಲೆದ್ದು ಎಲೆಗೆ ತಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಅದನ್ನು ಹೊಡೆಯಲೇಬಾರದಿತ್ತು.

ಹಳೆ ಎಲೆ ಚೆನ್ನಾಗಿದ್ದು, ಚಿಗುರು ಮಾತ್ರ ಸುರುಟಿದ್ದರೆ ಧೈರ್ಯವಾಗಿರಿ. ಬಹಳ ಸಲ ಮುಂದಿನ ಚಿಗುರು ನೆಟ್ಟಗೆ ಬರುತ್ತದೆ. ಮಳೆ ಇಲ್ಲದಾಗ ವಾರಕ್ಕೊಮ್ಮೆ ನೆಲ ಆಳಕ್ಕೆ ನೆನೆಯುವ ಹಾಗೆ ನೀರು ಬಿಡಿ. ಯೂರಿಯಾ ಹಾಕಬೇಡಿ, ಸೊರಗಿದ ಮರವನ್ನು ಬಲವಂತವಾಗಿ ಚಿಗುರಿಸಿದ ಹಾಗಾಗುತ್ತದೆ. ಕೊಂಬೆಯನ್ನೂ ಈಗಲೇ ಕಡಿಯಬೇಡಿ. ಒಂದು ವರ್ಷ ಕಾದು, ನಿಜವಾಗಿ ಒಣಗಿದ್ದನ್ನು ಮಾತ್ರ ತೆಗೆಸಿ.

ಪ್ರಶ್ನೆ: ದಾಸವಾಳವೂ ಸುರುಟಿದೆ ಸರ್! ಇನ್ನು ಮುಂದೆ ಏನು ಮಾಡಲಿ?

ಉತ್ತರ: ಬುಡದ ಸುತ್ತ ನಾಲ್ಕೈದು ಅಡಿ ಹುಲ್ಲು ಕಿತ್ತು ಪಾತಿ ಮಾಡಿಸಿ. ಎರಡು ಮೂರು ಇಂಚು ತರಗೆಲೆ ಹರಡಿ, ಕಾಂಡಕ್ಕೆ ತಾಗದಿರಲಿ. ಹುಲ್ಲೇ ಇಲ್ಲದ ಕಡೆ ಕಳೆ ಔಷಧಿಯ ಮಾತೇ ಬರುವುದಿಲ್ಲ. ಆದರೆ ಬೇರು ಅಷ್ಟಕ್ಕೇ ನಿಲ್ಲುವುದಿಲ್ಲ, ಕೊಂಬೆಯ ನೆರಳನ್ನೂ ದಾಟಿ ಹೋಗಿರುತ್ತದೆ. ಅದರಲ್ಲೂ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಲ್ಲೇ ಇರುತ್ತವೆ. ಹಾಗಾಗಿ ಉಳಿದ ಲಾನ್‌ಗೂ ಔಷಧಿ ಬೇಡ. ನಿಮ್ಮದು ಸಣ್ಣ ಲಾನ್. ಮಳೆ ಬಂದ ಮಾರನೇ ದಿನ ಗ್ಲೌಸ್ ಹಾಕಿ, ಕುರ್ಪಿ ಹಿಡಿದು ಕೂತರೆ ಮುಟ್ಟಿದರೆ ಮುನಿ ಬೇರುಸಹಿತ ಬರುತ್ತದೆ. ಹುಲ್ಲನ್ನು ತೀರ ಬೋಳಿಸದೆ ಎರಡು ಇಂಚು ಬಿಟ್ಟರೆ ಕಳೆಯೂ ಕಡಿಮೆ.

ಇನ್ನೊಂದು ಮಾತು, ಇದನ್ನು ಎಲ್ಲರಿಗೂ ಹೇಳುತ್ತೇನೆ. ಕಳೆ ಔಷಧಿಗೆ ಬೇರೆಯೇ ಪಂಪ್ ಇಡಿ. ಸುಮ್ನೆ ನೀರಲ್ಲಿ ತೊಳೆದು ಅದರಲ್ಲೇ ಬೇವಿನ ಎಣ್ಣೆ ಹೊಡೆದು ಗುಲಾಬಿ ಹಾಳು ಮಾಡಿಕೊಂಡವರನ್ನು ತುಂಬಾ ನೋಡಿದ್ದೇನೆ.

ಪ್ರಶ್ನೆ (ಗುಂಪಿನ ಇನ್ನೊಬ್ಬ ಸದಸ್ಯರು): 2,4-ಡಿ ಬದಲು ಪಾತಿಯ ಕಳೆಗೆ ಗ್ಲೈಫೋಸೇಟ್ ಅನ್ನುವ ಕಳೆ ಔಷಧಿ ಹಾಕಬಹುದಾ?

ಉತ್ತರ: ಬೇಡ. ಅದು ಮಣ್ಣಿಗೆ ಅಂಟಿಕೊಳ್ಳುವುದರಿಂದ ಬೇರಿಗೆ ಅಪಾಯ ಕಡಿಮೆ, ನಿಜ. ಆದರೆ ಎಳೆ ಮರದ ಹಸಿರು ತೊಗಟೆಗೋ ಬುಡದ ಚಿಗುರಿಗೋ ಬಿದ್ದರೆ ಒಳಗೆ ಇಳಿಯುತ್ತದೆ. ಆಮೇಲೆ ಬರುವ ಎಲೆ ದಾರದ ಹಾಗೆ ಸಣ್ಣಗೆ, ಗುಂಪುಗುಂಪಾಗಿ ಬರುತ್ತದೆ.

ಪ್ರಶ್ನೆ (ಡಲ್ಲಾಸ್): ಸರ್, ಇಲ್ಲಿ ಗೊಬ್ಬರ, ಕಳೆ ಔಷಧಿ ಎರಡೂ ಸೇರಿದ 'ವೀಡ್ ಅಂಡ್ ಫೀಡ್' ಹಾಕುತ್ತೇವೆ. ಲಾನ್‌ನಲ್ಲಿ ಲೈವ್ ಓಕ್ ಮರ ಇದೆ. ತೊಂದರೆಯಾ?

ಉತ್ತರ: ಚೀಲದ ಮೇಲೆ ಅಟ್ರಜಿನ್ ಅಥವಾ ಡೈಕಾಂಬ ಅಂತ ಕಳೆ ಔಷಧಿಯ ಹೆಸರು ಇದ್ದರೆ ಮರದ ಹತ್ತಿರ ತರಬೇಡಿ. ಇವು ನೀರಿನ ಜೊತೆ ಇಳಿದು ಬೇರಿಗೇ ಸೇರುತ್ತವೆ. ನಿಮ್ಮ ಅಮೆರಿಕದಲ್ಲೇ 'ಇಂಪ್ರೆಲಿಸ್' ಅಂತ ಲಾನ್ ಔಷಧಿ ಬಂದು, ಸ್ಪ್ರೂಸ್, ಪೈನ್ ಮರಗಳು ಒಣಗಿ, 2011ರಲ್ಲಿ ಮಾರಾಟ ನಿಲ್ಲಿಸಿದರು. ಗೊಬ್ಬರ ಬೇಕಿದ್ದರೆ ಬರೀ ಗೊಬ್ಬರ ಹಾಕಿ.

ಪ್ರಶ್ನೆ (ಮೈಸೂರು): ಸರ್, ಔಷಧಿ ಹೊಡೆದ ಮೇಲೆ ಕತ್ತರಿಸಿದ ಹುಲ್ಲನ್ನು ಮಾಲಿ ನಿಂಬೆ ಬುಡಕ್ಕೆ ಹಾಕಿದ್ದಾರೆ...

ಉತ್ತರ: ಆ ಹುಲ್ಲಲ್ಲೂ ಔಷಧಿ ಉಳಿದಿರಬಹುದು ಮೇಡಂ. ಇವತ್ತೇ ತೆಗೆಸಿ. ಗೊಬ್ಬರದ ಗುಂಡಿಗೂ ಬೇಡ.