ಲಕ್ವ ಹೊಡೆದ ಮೇಲೆ ಅಪ್ಪನಿಗೆ ರಾತ್ರಿ ನಿದ್ದೆ ಇಲ್ಲ, ಹಗಲು ಬರೀ ಮರೆವು

ಮೂಡಿಗೆರೆ ಮಗ:
ಅಪ್ಪನಿಗೆ 66 ವರ್ಷ. ಎಡಗಡೆ ಲಕ್ವ ಹೊಡೆದು ಎಂಟು ತಿಂಗಳಾಯಿತು. ಕೈಕಾಲು ಪರವಾಗಿಲ್ಲ, ಕೋಲು ಹಿಡಿದು ಕಾಫಿ ಕಣದವರೆಗೆ ಹೋಗಿ ಬರುತ್ತಾರೆ. ಆದರೆ ನಲವತ್ತು ಆಳಿನ ಬಟವಾಡೆ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು ಈಗ ನಾಲ್ಕು ಜನರದ್ದು ಕೂಡಿಸುವಾಗಲೂ ಮಧ್ಯದಲ್ಲೇ ನಿಂತುಬಿಡುತ್ತಾರೆ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ, ಹಗಲು ಪೇಪರ್ ಹಿಡಿದುಕೊಂಡೇ ತೂಕಡಿಸುತ್ತಾರೆ. ಮನೆಯಲ್ಲಿ ಎಲ್ಲರೂ ಅರಳುಮರಳು ಶುರುವಾಯಿತು ಅಂತಾರೆ. ನಿದ್ದೆ ಮಾತ್ರೆ ಕೊಟ್ಟರೆ ಸರಿಹೋಗುತ್ತದಾ?

ಹೇಮಾವತಿ ದಡ:
ಮಾತ್ರೆಗೆ ಅವಸರ ಬೇಡ. ಒಂದು ರಾತ್ರಿ ಪಕ್ಕದಲ್ಲಿ ಕೂತು ಗೊರಕೆ ಕೇಳಿ. ನಮ್ಮಮ್ಮನಿಗೂ ಹೀಗೇ ಆಗಿತ್ತು, ಜೋರು ಗೊರಕೆ, ಆಮೇಲೆ ಇದ್ದಕ್ಕಿದ್ದಂತೆ ಸದ್ದೇ ಇಲ್ಲ, ಸದ್ಯ ಗೊರಕೆ ನಿಂತಿತಲ್ಲ ಅಂತ ನಾವು ಮಗ್ಗುಲು ಬದಲಿಸಿ ಮಲಗುತ್ತಿದ್ದೆವು, ನಿಂತಿದ್ದು ಉಸಿರು ಅಂತ ತಿಳಿದಿದ್ದು ಹಾಸನದಲ್ಲಿ ಡಾಕ್ಟರು ಕೇಳಿದ ಮೇಲೆ. ಸ್ಲೀಪ್ ಅಪ್ನಿಯಾ ಅಂತಾರೆ. ಸ್ಟ್ರೋಕ್ ಆದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇರುತ್ತದೆ. ಉಸಿರು ನಿಂತಾಗ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಬಿಪಿ ಏರುತ್ತದೆ, ಮೆದುಳು ಅರ್ಧ ಎಚ್ಚರವಾಗಿ ಮತ್ತೆ ಉಸಿರು ಎಳೆಯುತ್ತದೆ. ಹೀಗೆ ಗಂಟೆಗೆ 30 ಸಲ ದಾಟಿದರೆ ತೀವ್ರ ಅಂತ ಲೆಕ್ಕ. ಅಮ್ಮನಿಗೆ 38 ಇತ್ತು! ಮೂತ್ರಕ್ಕೆ ಪದೇಪದೇ ಏಳುವುದಕ್ಕೂ ಇದು ಕಾರಣ ಇರಬಹುದು.

ಕೊಟ್ಟಿಗೆಹಾರ ಬಸ್ಸು:
ಮಲಗುವಾಗ ಒಂದು ಪೆಗ್ ಬ್ರಾಂದಿ ಕೊಡಿ. ಈ ಮಳೆಗೂ ಒಳ್ಳೆಯದು.

ಆಲ್ದೂರಿನ ನರ್ಸಮ್ಮ:
ಬ್ರಾಂದಿ ಮಾತು ಬಿಡಿ ಮಾರಾಯ್ರೇ. ಕುಡಿದರೆ ಗಂಟಲಿನ ಸ್ನಾಯು ಸಡಿಲವಾಗಿ ಉಸಿರು ಕಟ್ಟುವುದು ಇನ್ನೂ ಜಾಸ್ತಿ. ಕೆಲವು ನಿದ್ದೆ ಮಾತ್ರೆಗಳದ್ದೂ ಅದೇ ಕಥೆ, ಜೊತೆಗೆ ಕತ್ತಲಲ್ಲಿ ಬೀಳುವ ಭಯ ಬೇರೆ. ಅಪ್ಪ ಸಂಜೆ ಕಾಫಿ ಕುಡಿಯುತ್ತಾರಾ? ಮಂಕಾಗಿ ಕೂರುತ್ತಾರಾ? ಬಿಪಿಗೆ ಅಂತ ಮೂತ್ರ ಹೋಗುವ ಮಾತ್ರೆಯನ್ನು ರಾತ್ರಿ ನುಂಗುತ್ತಿದ್ದಾರಾ? ಡಾಕ್ಟರಿಗೆ ಇದೆಲ್ಲ ಹೇಳಿ, ನೀವೇ ಸುಮ್ನೆ ಮಾತ್ರೆ ನಿಲ್ಲಿಸಬೇಡಿ.

ಮರೆವು ನೋಡುವುದಕ್ಕೆ ಮೋಕಾ ಅಂತ 30 ಅಂಕದ ಪರೀಕ್ಷೆ ಇದೆ, ಕನ್ನಡದಲ್ಲೂ ಇದೆ. ನಿದ್ದೆಗೆಟ್ಟ ಮಾರನೇ ದಿನ ಅದನ್ನು ಮಾಡಿಸಿ ಅರಳುಮರಳು ಅಂತ ತೀರ್ಮಾನ ಮಾಡಬೇಡಿ. ಹಾಗಂತ ಎಲ್ಲವನ್ನೂ ನಿದ್ದೆಯ ತಲೆಗೆ ಕಟ್ಟುವುದೂ ತಪ್ಪು, ಸ್ಟ್ರೋಕೇ ಮೆದುಳಿಗೆ ಪೆಟ್ಟು ಕೊಟ್ಟಿರುತ್ತದೆ ಅಲ್ವಾ. ಉಸಿರು ಕಟ್ಟದಂತೆ ಗಾಳಿ ಒತ್ತಿ ಕೊಡುವ, ಮಲಗುವಾಗ ಮೂಗಿಗೆ ಹಾಕುವ ಸಿಪ್ಯಾಪ್ ಮೆಷಿನ್ ಕೊಟ್ಟರೆ ಪವಾಡ ಅಂದುಕೊಳ್ಳಬೇಡಿ. ಸೇವ್ ಅನ್ನುವ ದೊಡ್ಡ ಅಧ್ಯಯನ 2016ರಲ್ಲಿ ಬಂತು, ಅದರಲ್ಲಿ ಮತ್ತೆ ಸ್ಟ್ರೋಕ್ ಆಗುವುದೇನೂ ಕಡಿಮೆ ಆಗಲಿಲ್ಲ, ಆದರೆ ಹಗಲಿನ ತೂಕಡಿಕೆ ಇಳಿಯಿತು, ಮನಸ್ಸು ಹಗುರವಾಯಿತು. ಅಷ್ಟಾದರೂ ಸಾಲದಾ? ಇನ್ನೊಂದು, ಗೊಂದಲ ಒಮ್ಮೆಗೇ ಜಾಸ್ತಿಯಾದರೆ, ಮಾತು ತೊದಲಿದರೆ, ನಿದ್ದೆ ಇಲ್ಲದ್ದಕ್ಕೆ ಅಂತ ಕಾಯದೆ ಆಸ್ಪತ್ರೆಗೆ ಓಡಿ.

ಮೂಡಿಗೆರೆ ಮಗ:
ನಿನ್ನೆ ರಾತ್ರಿ ಫೋನಿನಲ್ಲಿ ವಿಡಿಯೋ ಮಾಡಿದೆ. ಒಂದು ಸಲ 40 ಸೆಕೆಂಡ್ ಉಸಿರೇ ಇಲ್ಲ, ನಾನೇ ಹೆದರಿ ಎಬ್ಬಿಸಿಬಿಟ್ಟೆ. ಕಣ್ಣು ಬಿಟ್ಟು "ಯಾಕೋ, ಬಟವಾಡೆ ಆಯಿತಾ?" ಅಂದರು. ಸೋಮವಾರ ಹಾಸನಕ್ಕೆ ಹೊರಟಿದ್ದೇವೆ. ಹೇಮಾವತಿ ದಡ ಅವರೇ, ಅಮ್ಮನಿಗೆ ತೋರಿಸಿದ ಡಾಕ್ಟರ ಹೆಸರು ಮೆಸೇಜ್ ಮಾಡಿ.