ಹೈಬ್ರಿಡ್ ಜೋಳದ ಬೀಜದ ಹೊಲ, ಹತ್ತಿರದಲ್ಲೇ ಜಾನ್ಸನ್ ಹುಲ್ಲು

ಪ್ರಶ್ನೆ: ಬೀಜೋತ್ಪಾದನೆಗೆ ಹೈಬ್ರಿಡ್ ಜೋಳ ಹಾಕಿದೆ, ನಾಲ್ಕು ಸಾಲು ಹೆಣ್ಣು, ಎರಡು ಸಾಲು ಗಂಡು. 250 ಮೀಟರ್ ಆಚೆ ಕಾಲುವೆ ದಂಡೆಯಲ್ಲಿ ಜಾನ್ಸನ್ ಹುಲ್ಲಿದೆ (ಜೋಳದ ಜೊತೆ ಬೆರಕೆಯಾಗುವ, ಜೋಳದ ಕುಲದ್ದೇ ಕಳೆ). ಬೇರೆ ಜೋಳದ ಹೊಲದಿಂದ 200 ಮೀಟರ್ ದೂರ ಇದ್ದರೆ ಸಾಕು, ಇದಕ್ಕೂ ಅಷ್ಟೇನಾ?

ಉತ್ತರ: ಸಾಲದು ಸರ್. ಇದಕ್ಕೆ 400 ಮೀಟರ್ ಬೇಕು, ಮೇವಿನ ಜೋಳಕ್ಕೂ ಅಷ್ಟೇ. ಹೆಣ್ಣು ಸಾಲಿಗೆ ಸ್ವಂತ ಪರಾಗ ಇಲ್ಲ, ಗಾಳಿಯಲ್ಲಿ ಬಂದದ್ದನ್ನೇ ಹಿಡಿಯುತ್ತದೆ. ಗಂಡು ಸಾಲು ತಡವಾಗಿ ಹೂಬಿಟ್ಟರೆ ಬೆರಕೆ ಇನ್ನೂ ಜಾಸ್ತಿ.

ಉತ್ತರ: ಹುಲ್ಲನ್ನು ಬರೀ ಕೊಯ್ದರೆ ಪ್ರಯೋಜನವಿಲ್ಲ. ನೆಲದೊಳಗಿನ ಕಾಂಡದ ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುತ್ತದೆ. ತೆನೆ ಹೊರಡುವ ಮುಂಚೆಯೇ ಬುಡಸಮೇತ ಅಗೆದು, ಒಣಗಿಸಿ ಸುಡಿ. ದಯವಿಟ್ಟು ರೋಟವೇಟರ್ ಹೊಡೆಯಬೇಡಿ, ತುಂಡುಗಳು ಎಲ್ಲ ಕಡೆ ಹರಡುತ್ತವೆ.

ಉತ್ತರ: ಜೊತೆಗೆ, ಹೂಬಿಡುವಾಗ ದಿನಾ ಬೆಳಿಗ್ಗೆ ಹೆಣ್ಣು ಸಾಲು ನೋಡಿ. ಅದರಲ್ಲಿ ತಪ್ಪಿ ಬಂದ, ಪರಾಗ ಉದುರಿಸುವ ಗಿಡ ಕಂಡರೆ ಆಗಲೇ ಕಿತ್ತುಹಾಕಿ.