ಸಹಾಯ ಬೇಕು: ಎರಡನೇ ದಿನದ ಹಾಲಿಗೆ ಗಿಣ್ಣಿನ ಅಳತೆ ಹೇಳಿ

ಎಲ್ಲರಿಗೂ ನಮಸ್ಕಾರ. ಪರಿಚಯದವರ ಮನೆಯ ಹಸು ಈ ವಾರ ಕರು ಹಾಕಲಿದೆ. ಎರಡನೇ ದಿನದ ಗಿಣ್ಣುಹಾಲು ಒಂದು ಲೀಟರ್ ಕೊಡ್ತೀವಿ ಅಂದಿದ್ದಾರೆ. ಮೊದಲ ದಿನದ್ದು ನಾನೇ ಬೇಡ ಅಂದೆ, ಅದು ಕರುವಿನ ಪಾಲು. ನಮ್ಮಜ್ಜಿಯೂ ಕರುವಿನ ಹೊಟ್ಟೆ ತುಂಬುವ ತನಕ ಚೊಂಬು ಹಿಡಿದು ಕೊಟ್ಟಿಗೆಗೆ ಹೋಗುತ್ತಿರಲಿಲ್ಲ.

ಅಜ್ಜಿ ಅಳತೆ ಬರೆದಿಟ್ಟವರಲ್ಲ. ನನಗೆ ನೆನಪಿರುವುದಿಷ್ಟು: ಬೆಲ್ಲವನ್ನು ತಣ್ಣನೆಯ ಹಾಲಿನಲ್ಲೇ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಏಲಕ್ಕಿ ಜಜ್ಜಿ ಹಾಕಿ, ಇಡ್ಲಿ ಪಾತ್ರೆಯಲ್ಲಿ ಹಬೆಗಿಡುತ್ತಿದ್ದರು. ಹಬೆಯ ನೀರು ತೊಟ್ಟಿಕ್ಕದಂತೆ ಮೇಲೆ ಬಾಳೆಲೆ ಮುಚ್ಚುತ್ತಿದ್ದರು. ಅಮ್ಮ ಕತ್ತರಿಸುವಾಗ ಅಂಚಿನ ತುಂಡಿಗೆ ಮಕ್ಕಳೆಲ್ಲ ತಟ್ಟೆ ಹಿಡಿದು ಕಾಯುತ್ತಿದ್ದೆವು. ಅಪ್ಪ ಈಗ ಮತ್ತೆ ಅದನ್ನೇ ಕೇಳುತ್ತಿದ್ದಾರೆ, ಅವರಿಗೋಸ್ಕರ ಚೆನ್ನಾಗಿ ಬರಲೇಬೇಕು.

ಮೊದಲ ದಿನದ ಹಾಲಿನಲ್ಲಿ ಪ್ರೋಟೀನ್ ಬಹಳ ಹೆಚ್ಚು. ಅದಕ್ಕೇ ಮೊಟ್ಟೆ, ಕಸ್ಟರ್ಡ್ ಪೌಡರ್ ಏನೂ ಇಲ್ಲದೆ ಬಿಸಿಗೆ ಗಟ್ಟಿಯಾಗುತ್ತೆ, ಮಾಮೂಲಿ ಹಾಲನ್ನೂ ಧಾರಾಳವಾಗಿ ಬೆರೆಸಬಹುದು. ಎರಡನೇ ದಿನದ್ದಕ್ಕೆ ಎಷ್ಟು ಬೆರೆಸಬೇಕು? ಕಾಲು ಲೀಟರ್ ಹಾಕಿದರೂ ನಿಲ್ಲುತ್ತಾ, ಇಲ್ಲಾ ಬೆರೆಸಲೇಬಾರದಾ? ಅಚ್ಚುಬೆಲ್ಲದ ಬದಲು ಜೋನಿಬೆಲ್ಲ ಹಾಕಿದರೆ ನೀರು ಬಿಡುತ್ತಾ? ಉರಿ ಸಣ್ಣದಿರಬೇಕಾ, ಎಷ್ಟು ಹೊತ್ತು?

ಕಂಡೆನ್ಸ್ಡ್ ಮಿಲ್ಕ್, ಮೊಸರು, ಚೈನಾಗ್ರಾಸ್ ಹಾಕುವ ವಿಧಾನ ದಯವಿಟ್ಟು ಬೇಡ. ಅವೂ ರುಚಿಯೇ, ಆದರೆ ಅಪ್ಪ ಕೇಳುತ್ತಿರುವುದು ಒಳಗೆ ಸಣ್ಣ ಸಣ್ಣ ತೂತಿರುವ, ಕಚ್ಚಿದರೆ ಸಿಹಿನೀರು ಒಸರುವ ಗಿಣ್ಣು. ಮನೆಯಲ್ಲಿ ಮಾಡಿ ರೂಢಿಯಿರುವವರು ನಿಮ್ಮ ಅಳತೆ ಬರೆಯಿರಿ, ಹಸುವಿನ ಹಾಲೋ ಎಮ್ಮೆಯದೋ ಅನ್ನುವುದನ್ನೂ ತಿಳಿಸಿ.